ಪ್ಯಾಟರ್ಸನ್ನಿನ ಹನ್ನೆರಡು ಮಗ್ಗಗಳು

ನ್ಯೂವಾರ್ಕ್

ವಿಮಾನದಲ್ಲಿ ನನ್ನ ಎಡಕ್ಕೊಬ್ಬ ಬಲಕ್ಕೊಬ್ಬ ಕಂಪ್ಯೂಟರಿನವರು ಕುಳಿತಿದ್ದರು. ಇಬ್ಬರ ಕಾಲಬುಡದಲ್ಲೂ ಒಂದೇ ಥರದ ಕಪ್ಪು ಚೀಲ. ಬಲಗಡೆಯವನು, "ಮಗಳ ಮನೆಗಾ ಅಂಕಲ್?" ಎಂದು ಕೇಳಿದ. ಆ ದಿನಗಳಲ್ಲಿ ನನ್ನ ವಯಸ್ಸಿನವರು ಅಮೆರಿಕಕ್ಕೆ ಹೋಗುತ್ತಿದ್ದದ್ದು ಬಾಣಂತನಕ್ಕೆ, ತಪ್ಪಿದರೆ ಮೊಮ್ಮಗುವಿನ ನಾಮಕರಣಕ್ಕೆ. "ಇಲ್ಲಪ್ಪ, ಮಗ್ಗ ಬಿಚ್ಚೋಕೆ ಹೋಗ್ತಿದೀನಿ" ಎಂದೆ. ಅವನು ನಕ್ಕ, ಆಮೇಲೆ ನಾನು ನಗದೇ ಇದ್ದುದನ್ನು ನೋಡಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಅಷ್ಟು ದೂರದ ದಾರಿಯಲ್ಲಿ ನಾನು ಆಡಿದ ಕನ್ನಡ ಅಷ್ಟೇ.

ನ್ಯೂವಾರ್ಕಿನಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ಹಳೇ ಪಂಚೆಯಲ್ಲಿ ಸುತ್ತಿದ್ದ ಎಣ್ಣೆ ಜಿಡ್ಡಿನ ಸ್ಪ್ಯಾನರುಗಳು, ಎಳೆ ಕತ್ತರಿಸುವ ಕತ್ತರಿ, ಹಣಿಗೆಗೆ ಎಳೆ ಪೋಣಿಸುವ ಕೊಕ್ಕೆ ಎಲ್ಲವೂ ಹೊರಗೆ ಬಂದವು. ಅಧಿಕಾರಿ ಅವನ್ನೆಲ್ಲ ಬದಿಗಿಟ್ಟು, ನನ್ನ ಹೆಂಡತಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಕಳಿಸಿದ್ದ ಚಟ್ನಿಪುಡಿಯನ್ನು ಕೈಗೆತ್ತಿಕೊಂಡ. ಮುಚ್ಚಳ ತೆಗೆದು ಮೂಸಿದ. ಮೂರು ಸಲ ಸೀನಿ, ಕಣ್ಣೊರೆಸಿಕೊಂಡು, ಹೋಗು ಎಂದು ಕೈಸನ್ನೆ ಮಾಡಿದ.

ನಾನು ದೊಡ್ಡಬಳ್ಳಾಪುರದ ಒಂದು ರೇಷ್ಮೆ ಶೆಡ್ಡಿನ ಮೇಸ್ತ್ರಿ. ಹನ್ನೆರಡು ವಿದ್ಯುತ್ ಮಗ್ಗ, ಒಬ್ಬೊಬ್ಬರಿಗೆ ಎರಡರಂತೆ ಅವನ್ನು ನಡೆಸುವ ಆರು ಹೆಂಗಸರು, ಮಗ್ಗ ಕೆಟ್ಟಾಗ ಬೈಸಿಕೊಳ್ಳಲು ನಾನು. ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬ ಊರಿನಲ್ಲಿ ಟೈ ಬಟ್ಟೆ ನೇಯುತ್ತಿದ್ದ ಮಿಲ್ಲೊಂದು ಮುಚ್ಚಿತ್ತು. ನಮ್ಮ ಹಳೆಯ ಮಗ್ಗಗಳ ಬದಲಿಗೆಂದು ಅದರ ಹನ್ನೆರಡು ಮಗ್ಗಗಳನ್ನು ನಮ್ಮ ಯಜಮಾನರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಅವನ್ನು ಓಡಿಸಿ ನೋಡಿ, ಬಿಚ್ಚಿ, ಹಡಗಿಗೆ ಹೋಗುವಂತೆ ಕಟ್ಟಿಸುವುದು ನನ್ನ ಮೂರು ವಾರದ ಕೆಲಸ. ಅದರ ಜೊತೆಗೆ ಇನ್ನೊಂದು ಇತ್ತು. ಹೊರಡುವುದಕ್ಕೆ ಎರಡು ದಿನ ಮೊದಲು ಶೆಡ್ಡಿನಲ್ಲಿ ಯಜಮಾನರು ನನ್ನ ಭುಜ ಹಿಡಿದುಕೊಂಡು ಹೇಳಿದ್ದರು: "ಮೇಸ್ತ್ರಿ, ಒಬ್ಬಳ ಕೈಲಿ ನಾಲ್ಕು ಓಡಿಸಬಹುದಾ ನೋಡಿ. ನೀವು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಬೇರೆ ಯಾರನ್ನೂ ನಾನು ಕೇಳಲ್ಲ." ಒಬ್ಬರಿಗೆ ಎರಡಾದರೆ ಮಗ್ಗಗಳನ್ನು ಒಂದು ರೀತಿ ಕೂರಿಸಬೇಕು, ನಾಲ್ಕಾದರೆ ಇನ್ನೊಂದು ರೀತಿ. ಅವಕ್ಕಾಗಿ ಕಟ್ಟಿಸುತ್ತಿದ್ದ ಹೊಸ ಶೆಡ್ಡಿನ ನೆಲಕ್ಕೆ ಕಾಂಕ್ರೀಟು ಹಾಕುವ ಮೊದಲೇ ಅವರಿಗೆ ಉತ್ತರ ಬೇಕಿತ್ತು.

ಹನ್ನೆರಡನ್ನು ನಾಲ್ಕರಿಂದ ಭಾಗಿಸಲು ಪಾಲಿಟೆಕ್ನಿಕ್ಕು ಓದಬೇಕಾಗಿಲ್ಲ. ಆರರಲ್ಲಿ ಮೂವರು ಮನೆಗೆ ಹೋಗಬೇಕು. ಆ ಆರು ಜನರಲ್ಲಿ ನನ್ನ ತಂಗಿ ನಾಗರತ್ನಳೂ ಒಬ್ಬಳು. ಹೊರಡುವ ಹಿಂದಿನ ದಿನ ಅವಳು ಮಗ್ಗ ನಿಲ್ಲಿಸಿ ನನ್ನ ಹತ್ತಿರ ಬಂದಿದ್ದಳು.

"ಅಣ್ಣ, ಯಜಮಾನ್ರು ಕೇಳಿದ್ದಕ್ಕೆ ಏನ್ ಹೇಳ್ತೀಯ?"

"ನೋಡ್ದೆ ಏನ್ ಹೇಳ್ಲಿ?"

"ನೋಡಿದ್ಮೇಲೆ ಹೇಳ್ತೀಯಲ್ಲ, ಅದನ್ನೇ ಕೇಳ್ತಿರೋದು."

ನಾನು ಮಾತು ಹಾರಿಸಿ, ನಿನಗೆ ಏನು ತರಲಿ ಎಂದು ಕೇಳಿದೆ. ಅವಳು ಏನೂ ಬೇಡ ಎಂದು ಮತ್ತೆ ಮಗ್ಗಕ್ಕೆ ಹೋದಳು.

ಪ್ಯಾಟರ್ಸನ್

ನನ್ನನ್ನು ಕರೆದೊಯ್ಯಲು ಬಂದವನು ಪ್ರಸನ್ನ. ಯಜಮಾನರ ಹೆಂಡತಿಯ ಕಡೆಯ ಸಂಬಂಧ, ದಾವಣಗೆರೆಯವನು, ಬ್ರಿಡ್ಜ್‌ವಾಟರಿನಲ್ಲಿ ಔಷಧಿ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಕಾರು ಓಡಿಸುತ್ತಾ ಮಾತಾಡಿದ್ದೆಲ್ಲ ರಸ್ತೆಗಳ ನಂಬರು. "ನಾನು ವೀಕ್‌ಡೇಸ್ ಬರೋಕಾಗಲ್ಲ ಅಂಕಲ್, ಕಮ್ಯೂಟ್ ಮಾಡೋದೇ ಆಗೋಗುತ್ತೆ. ಸಂಡೇ ಪಿಕಪ್ ಮಾಡ್ತೀನಿ" ಎಂದು, ಒಂದು ಫೋನ್ ಕಾರ್ಡನ್ನು ಕೈಗಿತ್ತು, ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ನನ್ನನ್ನು ಇಳಿಸಿ ಹೋದ.

ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಸದ್ದು ನಿಂತರೆ ತೊಟ್ಟಿಲ ಮಕ್ಕಳು ಎದ್ದು ಅಳುತ್ತವೆ. ನನಗೂ ಇಲ್ಲಿ ಹಾಗೇ ಆಯಿತು. ಇಷ್ಟು ದೊಡ್ಡ ರೇಷ್ಮೆ ಊರು, ಕೆಂಪಿಟ್ಟಿಗೆಯ ಮಿಲ್ಲುಗಳು ಸಾಲಾಗಿ ನಿಂತಿವೆ, ಒಂದರಿಂದಲೂ ಸದ್ದಿಲ್ಲ. ಕೆಳಗಿನ ಬೇಕರಿಯವರು ಸ್ಪ್ಯಾನಿಷ್ ಆಡುತ್ತಿದ್ದರು, ಬ್ರೆಡ್ಡು ಕೊಡುವಾಗ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಾಲ್ಕು ದಿನ ನನ್ನ ಬಾಯಿಗಿದ್ದ ಕೆಲಸ ನಗುವುದು ಮತ್ತು ತಿನ್ನುವುದು. ಊರಿನ ನಡುವೆಯೇ ಒಂದು ಜಲಪಾತವಿದೆ. ಎಲ್ಲರೂ ಅದನ್ನು ನೋಡಲು ಹೋಗುತ್ತಾರೆ, ನಾನು ಕೇಳಲು ಹೋಗುತ್ತಿದ್ದೆ. ಕಣ್ಣು ಮುಚ್ಚಿ ಕುಳಿತರೆ ನಮ್ಮ ಶೆಡ್ಡಿನ ಬಾಗಿಲಲ್ಲಿ ಕುಳಿತ ಹಾಗಿರುತ್ತಿತ್ತು. ಒಂದು ದಿನ ಹಾಗೆ ಕುಳಿತು ಅತ್ತುಬಿಟ್ಟೆ. ಪಕ್ಕದ ಬೆಂಚಿನವನು ತನ್ನ ನಾಯಿಯನ್ನು ಎಳೆದುಕೊಂಡು ಇನ್ನೊಂದು ಬೆಂಚಿಗೆ ಹೋದ. ನಮ್ಮೂರಲ್ಲಾದರೆ ಯಾಕೆ ಏನು ಎಂದು ಹತ್ತು ಜನ ಮೈಮೇಲೆ ಬೀಳುತ್ತಿದ್ದರು.

ಮಿಲ್ಲಿನ ಬೀಗದ ಕೈ ರೋಸಾ ಎಂಬಾಕೆಯ ಬಳಿ ಇತ್ತು. ಎಪ್ಪತ್ತು ದಾಟಿದವಳು, ಇಟಲಿ ಮೂಲದವರ ಮೊಮ್ಮಗಳು, ಅದೇ ಮಿಲ್ಲಿನಲ್ಲಿ ನೇಯ್ದು ನಿವೃತ್ತಳಾದವಳು. ಮಗ್ಗಗಳು ಹೊರಗೆ ಹೋಗುವವರೆಗೆ ಬಾಗಿಲು ತೆರೆದು ಮುಚ್ಚುವುದು ಅವಳ ಕೆಲಸ. ಮೊದಲ ದಿನ ನಾನು ನನ್ನ ಅವಲಕ್ಕಿ ಡಬ್ಬಿಯನ್ನು ಅವಳ ಮುಂದೆ ಹಿಡಿದೆ. ಅವಳು ತನ್ನ ಬ್ರೆಡ್ಡನ್ನು ತೋರಿಸಿ ತಲೆಯಾಡಿಸಿದಳು. ಇಲ್ಲಿ ಊಟವೆಂದರೆ ಅವರವರದು ಅವರವರಿಗೆ. ಮೂರನೆಯ ದಿನ ತಾನಾಗಿ ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟಳು. ಆಮೇಲೆ ದಿನವೂ ಅರ್ಧ ಕಿತ್ತಳೆ.

ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಕಾಲು ಭಾಗ. ಮಗ್ಗ ಓಡಿಸಿದ ದಿನ ಮಾತ್ರ ಎಲ್ಲ ತಿಳಿಯಿತು. ನಾಲ್ಕು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳಲು ಶುರುವಾದವು. ಅವಳು ಆ ತುದಿಯಿಂದ ಸದ್ದಿಲ್ಲದೆ ತುಟಿಯಾಡಿಸಿ, ಎರಡು ಬೆರಳು ಚಿವುಟಿ ತೋರಿಸಿದಳು. ಎಳೆ ಹರಿದಿದೆ ಎಂದು. ನನ್ನ ತಂಗಿ ರತ್ನ ತೋರಿಸುವುದೂ ಹೀಗೆಯೇ. ಸದ್ದಿನಲ್ಲಿ ದುಡಿದವರು ಎಲ್ಲಿಯವರಾದರೇನು, ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ಇಡೀ ಬೆಳಗ್ಗೆ ನಾನೊಬ್ಬನೇ ಆ ನಾಲ್ಕರ ನಡುವೆ ಓಡಾಡಿದೆ. ಹರಿದದ್ದು ಎರಡೇ ಎಳೆ. ಎಳೆ ಹರಿದ ಕ್ಷಣವೇ ಮಗ್ಗ ತಾನಾಗಿ ನಿಂತು ನನಗಾಗಿ ಕಾಯುತ್ತದೆ. ನನ್ನ ಆಯಸ್ಸಿನಲ್ಲಿ ಅಂಥ ಮಗ್ಗ ಓಡಿಸಿರಲಿಲ್ಲ. ಖುಷಿಗೆ ಹಸಿವೇ ಆಗಲಿಲ್ಲ.

ಆದರೆ ಆ ದಿನ ಓಡಿದ್ದು ಅವರ ಎಳೆ, ಗಂಟಿಲ್ಲದ್ದು, ನಯವಾದದ್ದು. ನಾವು ನೇಯುವ ರೇಷ್ಮೆಗೆ ಗೇಣಿಗೊಂದು ಗಂಟು. ಮೇಲಾಗಿ ನಮ್ಮ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ನಮ್ಮಲ್ಲಿ ಒಬ್ಬಳನ್ನು ನಾಲ್ಕು ಮಗ್ಗದ ನಡುವೆ ನಿಲ್ಲಿಸಿದರೆ ಅವಳು ಎಳೆ ಕಟ್ಟುವುದರಲ್ಲೇ ಸವೆಯುತ್ತಾಳೆ. ಯಜಮಾನರಿಗೆ ಉಹೂಂ ಎನ್ನಲು ನಾನು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ.

ಬ್ರಿಡ್ಜ್‌ವಾಟರ್

ಭಾನುವಾರ ಪ್ರಸನ್ನ ಬಂದು ಗುಡಿಗೆ ಕರೆದೊಯ್ದ. ಕಾರಿಲ್ಲದೆ ಅಲ್ಲಿ ದೇವರೂ ಸಿಗುವುದಿಲ್ಲ. ದರ್ಶನವಾದ ಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಕನ್ನಡದವರ ಒಂದು ದೊಡ್ಡ ಮೇಜು. ಪ್ರಸನ್ನ ನನ್ನನ್ನು ಎಲ್ಲರಿಗೂ "ಟೆಕ್ಸ್‌ಟೈಲ್ ಕನ್ಸಲ್ಟೆಂಟ್" ಎಂದು ಪರಿಚಯಿಸಿದ. ನನಗೆ ಸಿಟ್ಟೂ ಬಂತು, ಒಂದು ಕ್ಷಣ ಹಿತವೂ ಆಯಿತು. ಕನ್ನಡಕದವರೊಬ್ಬರು ಚಿತ್ತಾರ ಮೂಡಿಸಲು ನಮ್ಮ ಮಗ್ಗಕ್ಕೆ ಹಾಕುವ ತೂತಿನ ಕಾರ್ಡುಗಳೇ ಕಂಪ್ಯೂಟರಿನ ಅಜ್ಜ ಎಂದು ನನಗೆ ತಿಳಿಸಿಕೊಟ್ಟರು. ಇದನ್ನು ಹೇಳದೆ ಯಾವ ಕಂಪ್ಯೂಟರಿನವನೂ ನನ್ನನ್ನು ಬಿಟ್ಟದ್ದಿಲ್ಲ. ಆಮೇಲೆ ಅವರ ಮಾತು ವೀಸಾ, ಗ್ರೀನ್ ಕಾರ್ಡು, ಹೊಸ ಮನೆಯ ಬೇಸ್‌ಮೆಂಟು ಎಂದು ಹರಿಯಿತು. ಸುತ್ತಲೂ ಕನ್ನಡ, ನನಗೆ ಆಡಲು ಒಂದು ಮಾತಿಲ್ಲ. ಬೇಕರಿಯವರ ಸ್ಪ್ಯಾನಿಷ್ಷಿನ ನಡುವೆ ಇಷ್ಟು ಒಂಟಿ ಎನಿಸಿರಲಿಲ್ಲ.

ಪ್ರಸನ್ನನ ಹೆಂಡತಿ ಶೈಲಾ ನನ್ನ ಒಂಟಿತನವನ್ನು ಕಂಡಿರಬೇಕು. "ಅಂಕಲ್, ನಿಮ್ದು ಸಿಲ್ಕ್ ಲೈನ್ ಅಲ್ವಾ? ಈ ಸೀರೆ ಹೇಗಿದೆ ಹೇಳಿ. ಪ್ಯೂರ್ ಕಾಂಚೀಪುರಂ, ಕೈಮಗ್ಗದ್ದು. ನಮ್ಮತ್ತೆ ಕಳ್ಸಿದ್ದು" ಎಂದು ಸೆರಗು ಹಿಡಿದು ತೋರಿಸಿದಳು. ನೋಡಿದೆ. ಅಂಚಿನ ಹಂಸದ ಕಾಲು ಒಂದೆಳೆ ಸೊಟ್ಟ. ಆ ಸೊಟ್ಟ ನನ್ನದು. ನಾಲ್ಕನೇ ನಂಬರಿನ ಮಗ್ಗದ ಕಾರ್ಡಿನಲ್ಲಿ ಒಂದು ತೂತು ತಪ್ಪಿ ಬಿದ್ದದ್ದನ್ನು ನಾನು ಸರಿ ಮಾಡಿರಲಿಲ್ಲ. ಆ ಮಗ್ಗ ನಡೆಸುವವಳು ರತ್ನ.

"ತುಂಬ ಚೆನ್ನಾಗಿದೆಯಮ್ಮ" ಎಂದೆ. ಅವಳ ಮಗಳು, ಆರು ವರ್ಷದವಳು, ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ತಿಳಿಯಲಿಲ್ಲ. ಇನ್ನೊಂದು ವಡೆ ತಿಂದೆ.

ಜಾಲರಿ ಹಾಕಿದ ಕಿಟಕಿಗಳು

ಸೋಮವಾರ ಮಗ್ಗ ಬಿಚ್ಚಲು ಶುರು ಮಾಡಬೇಕಿತ್ತು. ಮಿಲ್ಲು ಮುಚ್ಚಿದಾಗ ಅರ್ಧ ನೇಯ್ದ ಬಟ್ಟೆ ಹಾಗೇ ಉಳಿದಿತ್ತು, ಹನ್ನೆರಡಕ್ಕೂ ಹಾಸು, ಎಂದರೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳು, ಬಿಗಿದೇ ಇತ್ತು. ಅದನ್ನು ಕತ್ತರಿಸದೆ ಮಗ್ಗ ಬಿಚ್ಚುವಂತಿಲ್ಲ. ನಮ್ಮಲ್ಲಿ ಹಾಸನ್ನು ಕತ್ತರಿಸಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಒಂದು ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಸೇರಿಸುತ್ತೇವೆ. ನಮ್ಮಪ್ಪನ ಕಾಲದ ಎಳೆಯ ತುದಿಗೆ ಇವತ್ತಿನ ಎಳೆ ಸೇರಿಕೊಂಡೇ ಬಂದಿದೆ ಎಂದು ನಾನು ನಂಬಿದವನು. ಬಿಗಿದ ಹಾಸಿನ ಮೇಲೆ ಕತ್ತರಿ ಹಾಕಲು ಕೈ ಬರಲಿಲ್ಲ. ಚೀಲದಲ್ಲಿ ಊದುಬತ್ತಿ ಇತ್ತು. ನಾಲ್ಕು ಹಚ್ಚಿ, ಮೊದಲ ಮಗ್ಗಕ್ಕೆ ಬೆಳಗಿ, ತಪ್ಪಾಯಿತು ಎಂದು ಕೈಮುಗಿದೆ.

ಮೇಲೆ ಚಾವಣಿಯಲ್ಲಿ ಒಂದು ಬಿಳಿಯ ಬಿಲ್ಲೆ ಇದ್ದದ್ದು ನನಗೇನು ಗೊತ್ತು? ಅದು ಹೊಗೆ ಕಂಡ ಕೂಡಲೇ ಕಿವಿ ಹರಿಯುವಂತೆ ಕಿರುಚಿತು. ರೋಸಾ ಓಡಿ ಬಂದಳು. ನಾನು ಊದುಬತ್ತಿ ಹಿಡಿದೇ ಓಡಾಡುತ್ತಿದ್ದೆ, ಅದು ಇನ್ನಷ್ಟು ಕಿರುಚುತ್ತಿತ್ತು. ಅವಳು ನನ್ನ ಕೈಯಿಂದ ಕಡ್ಡಿಗಳನ್ನು ಕಸಿದು ಕಾಫಿಯಲ್ಲಿ ಅದ್ದಿ, ಸ್ಟೂಲು ಹತ್ತಿ ಪೇಪರಿನಿಂದ ಬೀಸಿದಳು. ಸದ್ದು ನಿಂತ ಮೇಲೆ, ಇದೇನು ನಿನ್ನ ಅವಾಂತರ ಎಂದು ನಗುತ್ತ ಕೇಳಿದಳು. ಹಾಸು ತೋರಿಸಿದೆ, ಕತ್ತರಿ ತೋರಿಸಿದೆ, ಎದೆ ಮುಟ್ಟಿಕೊಂಡೆ.

ಅವಳ ನಗು ನಿಂತುಹೋಯಿತು. "ಒಂದು ಸಲ ಇಲ್ಲಿಯ ಹಾಸನ್ನೆಲ್ಲ ಕತ್ತರಿಸಿ ಹಾಕಿದ್ದರು. ನನ್ನ ಅಜ್ಜನ ಕಾಲದಲ್ಲಿ" ಎಂದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ನೂರು ವರ್ಷದ ಹಿಂದಿನ ಮಾತು. ಅವಳ ಅಜ್ಜ ಇದೇ ಮಿಲ್ಲಿನ ಮೇಸ್ತ್ರಿ. ಆಗ ಇಲ್ಲಿ ರಿಬ್ಬನ್ ನೇಯುತ್ತಿದ್ದರು, ಒಬ್ಬರಿಗೆ ಒಂದು ಮಗ್ಗ. ಮಾಲೀಕ ಹೊಸ ಮಗ್ಗಗಳನ್ನು ತರಿಸಿ ಅಜ್ಜನನ್ನು ಕರೆದು, ಒಬ್ಬರ ಕೈಯಲ್ಲಿ ಎರಡು ಓಡುತ್ತವೆಯೇ ಎಂದು ಕೇಳಿದ. ಅಜ್ಜ ಒಂದು ದಿನ ತಾನೇ ಎರಡನ್ನು ಓಡಿಸಿ ನೋಡಿ, ಓಡುತ್ತವೆ ಎಂದ. ವಾರದೊಳಗೆ ನೇಕಾರರೆಲ್ಲ ಹೊರಗೆ ನಡೆದರು. ಎಳೆಗೆ ಬಣ್ಣ ಹಾಕುವವರು ಜೊತೆಗೂಡಿದರು. ಅರ್ಧ ಸಂಬಳಕ್ಕೆ ಬೇರೆ ಊರಿನವರನ್ನು ಕರೆಸಿದಾಗ ಕಲ್ಲು ಹಾರಿದವು, ಈ ಸಾಲಿನ ಒಂದು ಗಾಜೂ ಉಳಿಯಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬಂದದ್ದು ಆಮೇಲೆ. ಪೊಲೀಸರು ದೊಣ್ಣೆ ಬೀಸಿದರು. ಬಣ್ಣದವನೊಬ್ಬನ ದವಡೆ ಮುರಿಯಿತು, ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿಯೊಬ್ಬಳ ಕಣ್ಣಿಗೆ ಗಾಜು ಸಿಡಿಯಿತು. ಒಂದು ಬೆಳಗ್ಗೆ ಹತ್ತಾರು ಜನ ಒಳಗೆ ನುಗ್ಗಿ ಹಾಸುಗಳನ್ನೆಲ್ಲ ಕೊಯ್ದು ಹಾಕಿದರು. ಬಂದೂಕಿನವರು ಬಂದರು. ಚಳಿಗಾಲ ಹಸಿದುಕೊಂಡೇ ಕಳೆದು, ಕೊನೆಗೆ ಸೋತು, ಉಳಿದವರು ಒಬ್ಬೊಬ್ಬರು ಎರಡೆರಡು ಮಗ್ಗಕ್ಕೆ ಬಂದು ನಿಂತರು.

"ಅಜ್ಜನಿಗೂ ಹೊಡೆದರಾ?" ಎಂದು ಕೇಳಿದೆ.

"ಇಲ್ಲ. ಅವನನ್ನು ಯಾರೂ ಮುಟ್ಟಲಿಲ್ಲ." ಅವಳು ಜಾಲರಿಯ ಕಡೆ ನೋಡುತ್ತಿದ್ದಳು. "ಮಾತೂ ಆಡಿಸಲಿಲ್ಲ, ಅಷ್ಟೇ. ಸಾಯುವವರೆಗೂ. ಕ್ಷೌರಕ್ಕೆ ಪಕ್ಕದೂರಿಗೆ ನಡೆದು ಹೋಗುತ್ತಿದ್ದನಂತೆ. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ನಮ್ಮ ಮನೆಯವರು ಮಾತ್ರ. ಸತ್ತಾಗ ಪೆಟ್ಟಿಗೆ ಹೊರಲು ಮಾಲೀಕರೇ ಆಳು ಕಳಿಸಬೇಕಾಯಿತು ಎಂದು ಅಮ್ಮ ಹೇಳುತ್ತಿದ್ದಳು."

ನನ್ನ ಕೈಯಲ್ಲಿ ಕತ್ತರಿ ಹಾಗೇ ಇತ್ತು. ನಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನು, ರತ್ನಳ ವಿಷಯವನ್ನು ನನ್ನ ಕಾಲು ಭಾಗ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಹಾಸನ್ನು ತಾನೇ ಕತ್ತರಿಸಿದಳು. ಆ ಸಂಜೆ ನಡೆದು ಬರುವಾಗ ಯಜಮಾನರಿಗೆ ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿಕೊಂಡೆ. ಆಗಲ್ಲ ಯಜಮಾನ್ರೆ, ನಮ್ಮ ಎಳೆಗೆ ಆಗಲ್ಲ, ನಮ್ಮ ಕರೆಂಟಿಗೆ ಆಗಲ್ಲ. ಬೇಕರಿಯವರು ನನ್ನನ್ನು ನೋಡಿ ನಕ್ಕರು.

ಫೋನು

ಗುರುವಾರ ಬೆಳಗ್ಗೆ ಮಿಲ್ಲಿನ ಆಫೀಸಿಗೆ ನನಗೆ ಫೋನು ಬಂದಿದೆಯೆಂದು ರೋಸಾ ಕೂಗಿದಳು. ಊರಿನಲ್ಲಿ ಆಗ ಸಂಜೆ. ಮೊದಲು ಕೇಳಿಸಿದ್ದು ಯಜಮಾನರ ದನಿಯಲ್ಲ, ಅದರ ಹಿಂದೆ ನಮ್ಮ ಶೆಡ್ಡಿನ ಟಕಟಕ. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ.

"ಏನ್ ಮೇಸ್ತ್ರಿ, ಊಟ ಗೀಟ ಹೆಂಗೆ? ಮಂಡಿನೋವು ಹೆಂಗಿದೆ? ಚಳಿಗೆ ಸ್ವೆಟರ್ ಹಾಕ್ಕೋತಾ ಇದೀರಾ?"

ಹತ್ತು ದಿನದಿಂದ ಹೀಗೆ ನನ್ನನ್ನು ಯಾರೂ ವಿಚಾರಿಸಿರಲಿಲ್ಲ. ನಾನು ಮಾತಿಗೆ ಬಿದ್ದೆ. ಜಲಪಾತ ಹೇಳಿದೆ, ಕಿತ್ತಳೆ ಹೇಳಿದೆ, ಸೀನಿದ ಅಧಿಕಾರಿಯನ್ನು ಹೇಳಿದೆ, ಊದುಬತ್ತಿಯ ಕಥೆ ಹೇಳಿದೆ. ಯಜಮಾನರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವರು ಫೋನು ಇಡಬಾರದು, ಇನ್ನೂ ಏನಾದರೂ ಕೇಳುತ್ತಲೇ ಇರಬೇಕು ಎನಿಸುತ್ತಿತ್ತು.

"ಅದ್ಸರಿ, ನಾಲ್ಕು ಓಡ್ತವಾ?"

"ಓಡ್ತವೆ ಯಜಮಾನ್ರೆ" ಎಂದೆ. "ನಾನೇ ಓಡ್ಸಿದೆ. ಒಂದ್ ಬೆಳಗ್ಗೇಲಿ ಎರಡೇ ಎಳೆ ಹರಿದಿದ್ದು."

"ಭೇಷ್ ಮೇಸ್ತ್ರಿ. ನಿಮ್ಮನ್ನ ಬಿಟ್ರೆ ನನಗಿನ್ಯಾರಿದಾರೆ?"

"ಆದ್ರೆ ನಮ್ಮ ಎಳೆ..."

"ಎಳೆ ವಿಷಯ ನಾನ್ ನೋಡ್ಕೋತೀನಿ ಬಿಡಿ. ನಾಳೆನೇ ಕಾಂಕ್ರೀಟ್ ಹಾಕಿಸ್ತೀನಿ." ಅವರು ಫೋನಿಟ್ಟರು, ಟಕಟಕ ನಿಂತಿತು.

ನನ್ನನ್ನು ಯಾರೂ ಹೆದರಿಸಿರಲಿಲ್ಲ, ಒತ್ತಾಯಿಸಿರಲೂ ಇಲ್ಲ. ಭೇಷ್ ಎನ್ನಿಸಿಕೊಳ್ಳುವ ಆಸೆ, ಎರಡು ನಿಮಿಷ ಹೆಚ್ಚು ಮಾತಾಡುವ ಆಸೆ, ಅಷ್ಟೇ. ಪ್ರಸನ್ನ ಕೊಟ್ಟ ಫೋನ್ ಕಾರ್ಡು ಜೇಬಿನಲ್ಲೇ ಇತ್ತು. ಆ ದಿನವೇ ತಿರುಗಿ ಫೋನು ಮಾಡಿ, ತಪ್ಪಿ ಹೇಳಿದೆ ಎನ್ನಬಹುದಿತ್ತು. ಮಧ್ಯಾಹ್ನ ಮಾಡೋಣ ಎಂದುಕೊಂಡೆ. ಮಧ್ಯಾಹ್ನ ಅಲ್ಲಿ ಎಲ್ಲರೂ ಮಲಗಿರುತ್ತಾರೆ ಎಂದುಕೊಂಡೆ. ಮರುದಿನ ಕಾಂಕ್ರೀಟು ಬಿದ್ದಿರುತ್ತದೆ, ಇನ್ನೇನು ಪ್ರಯೋಜನ ಎಂದುಕೊಂಡೆ. ಕಾರ್ಡು ಊರಿಗೆ ಬಂದಾಗಲೂ ಜೇಬಿನಲ್ಲಿತ್ತು.

ಕೊನೆಯ ಮಗ್ಗ ಲಾರಿ ಹತ್ತಿದ ದಿನ ರೋಸಾ ಖಾಲಿ ಮಿಲ್ಲಿಗೆ ಬೀಗ ಹಾಕಿ ನನ್ನ ಕಡೆ ತಿರುಗಿದಳು. "ನಿಮ್ಮ ಮಾಲೀಕನಿಗೆ ಏನು ಹೇಳಿದೆ?" ಎಂದು ಕೇಳಿದಳು.

"ನೋ" ಎಂದೆ. "ಐ ಸೇ ನೋ."

ಅವಳು ನನ್ನ ಕೆನ್ನೆಯನ್ನು ಮೆಲ್ಲಗೆ ತಟ್ಟಿ, ಒಂದು ಇಡೀ ಕಿತ್ತಳೆಯನ್ನು ಕೈಗಿಟ್ಟಳು. ವಿಮಾನದಲ್ಲಿ ಅದನ್ನು ಸುಲಿಯಲು ನನ್ನಿಂದ ಆಗಲಿಲ್ಲ.

ದೊಡ್ಡಬಳ್ಳಾಪುರ

ಮಗ್ಗಗಳು ಎರಡು ತಿಂಗಳ ಮೇಲೆ ಬಂದವು. ಮೊದಮೊದಲು ಎಳೆ ಹರಿದು ಹರಿದು ನಮ್ಮ ಪ್ರಾಣ ತಿಂದವು. ಆಮೇಲೆ ಯಜಮಾನರು ಚೀನಾ ರೇಷ್ಮೆ ತರಿಸಿದರು, ಜನರೇಟರು ಹಾಕಿಸಿದರು. ಈಗ ಚೆನ್ನಾಗಿ ಓಡುತ್ತವೆ. ಒಬ್ಬೊಬ್ಬರಿಗೆ ನಾಲ್ಕು.

ನಮ್ಮಲ್ಲಿ ಕಲ್ಲು ಹಾರಲಿಲ್ಲ, ಪೊಲೀಸರು ಬರಲಿಲ್ಲ. ಮೂವರು ಹೆಂಗಸರು ಒಂದು ಶನಿವಾರ ಬಾಚಣಿಗೆ, ಕನ್ನಡಿ, ಊಟದ ಡಬ್ಬಿ ತೆಗೆದುಕೊಂಡು ಹೊರಟರು. ಯಜಮಾನರು ನನ್ನ ಮುಖ ನೋಡಿ ರತ್ನಳನ್ನು ಉಳಿಸಿಕೊಂಡಿದ್ದರು. ಅವಳು ತನ್ನ ಮಗ್ಗ ನಿಲ್ಲಿಸಿ, ಎಳೆಗಳನ್ನೆಲ್ಲ ಸರಿಪಡಿಸಿಟ್ಟು, ಡಬ್ಬಿ ಎತ್ತಿಕೊಂಡು ಆ ಮೂವರ ಹಿಂದೆಯೇ ಹೋದಳು. ಬಾಗಿಲಲ್ಲಿ ನಾನು ನಿಂತಿದ್ದೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಈಗ ಅವಳು ಊರಾಚೆಯ ಇನ್ನೊಂದು ಶೆಡ್ಡಿಗೆ ನಡೆದು ಹೋಗುತ್ತಾಳೆ, ನಮ್ಮ ಬೀದಿ ಹಾಯದೆ ಸುತ್ತು ಬಳಸಿ.

ಅವಳ ಮನೆ ನಮ್ಮ ಮನೆಯಿಂದ ಎರಡು ಬೀದಿ. ಹಬ್ಬಕ್ಕೆ ನನ್ನ ಹೆಂಡತಿ ಹೋಗಿ ಬರುತ್ತಾಳೆ. ನಮ್ಮೂರಿನಿಂದ ಮೈಸೂರಿಗೆ ಹೋಗಿ ಬಂದವನನ್ನೂ ಹೋಟೆಲಿನಲ್ಲಿ ಕೂರಿಸಿಕೊಂಡು ಕಥೆ ಕೇಳುತ್ತಾರೆ. ಅಮೆರಿಕ ಹೇಗಿತ್ತು ಎಂದು ನನ್ನನ್ನು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ರತ್ನ ಒಬ್ಬಳಾದರೂ ಕೇಳಿದ್ದರೆ, ಇಷ್ಟನ್ನೂ ಅವಳ ಜಗಲಿಯ ಮೇಲೆ ಕುಳಿತು ಬಾಯಲ್ಲೇ ಹೇಳಿ ಮುಗಿಸುತ್ತಿದ್ದೆ. ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.